ಬಾಕಿ ಪಟ್ಟಿಯ ಪೆಟ್ಟಿಗೆ: ಗಡಿನಾಡಿನ ಉಪಕೇಂದ್ರಕ್ಕೊಂದು ಲಸಿಕೆ ದಾಖಲೆ ವ್ಯವಸ್ಥೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಪೈವಳಿಕೆ, ಎಣ್ಮಕಜೆ ಕಡೆಯ ಮಕ್ಕಳ ಲಸಿಕೆ ದಾಖಲೆಗೆ ಬೇರೆ ಊರುಗಳಲ್ಲಿ ಇಲ್ಲದ ಒಂದು ತೊಡಕಿದೆ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ. ಬಾಣಂತನ ಪುತ್ತೂರಿನಲ್ಲೋ ವಿಟ್ಲದಲ್ಲೋ ತಾಯಿಯ ತವರಿನಲ್ಲಿ. ಮೂರು ತಿಂಗಳು ಕಳೆದ ಮೇಲೆ ಮಗು ಬರುವುದು ಪೆರ್ಲಕ್ಕೋ ಬದಿಯಡ್ಕಕ್ಕೋ. ಹುಟ್ಟಿದಾಗ ಹಾಕಿದ ಲಸಿಕೆಗಳು ಕರ್ನಾಟಕದ ತಾಯಿ ಕಾರ್ಡಿನಲ್ಲಿ, ಆರನೇ ವಾರದ್ದು ತವರೂರಿನ ಪುಸ್ತಕದಲ್ಲಿ, ಹದಿನಾಲ್ಕನೇ ವಾರದ್ದು ಇಲ್ಲಿಯ ಮಲಯಾಳಂ ಕಾರ್ಡಿನಲ್ಲಿ. ಕೇರಳದಲ್ಲಿ ಲಸಿಕೆಯ ದಿನ ಬುಧವಾರ, ತಲಪಾಡಿ ದಾಟಿದರೆ ಸಾಮಾನ್ಯವಾಗಿ ಗುರುವಾರ. ಒಂದೇ ಮಗು, ಎರಡು ರಾಜ್ಯ, ಮೂರು ಲಿಪಿ.

ಲಸಿಕೆಗಳ ಲೆಕ್ಕವಿಡಲು ಸರಕಾರದ ಯು-ವಿನ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹರಡಿತು. ಅಧಿಕೃತ ನಮೂದು ಅಲ್ಲೇ ಆಗಬೇಕು. ಇಲ್ಲಿ ಹೇಳುವ ಪೆಟ್ಟಿಗೆ ಉಪಕೇಂದ್ರದಲ್ಲೇ ಇಡುವ ಒಂದು ಸಣ್ಣ ಕಂಪ್ಯೂಟರ್; ಅದರ ಕೆಲಸ ಯು-ವಿನ್ ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆಗೆ ಉತ್ತರ ಕೊಡುವುದು: ಬರುವ ಬುಧವಾರ ಯಾವ ಮನೆಯ ಯಾವ ಮಗುವಿಗೆ ಏನು ಬಾಕಿ? ನೆಟ್‌ವರ್ಕ್ ಇಲ್ಲದ ಗುಡ್ಡದ ಬದಿಯಲ್ಲೂ, ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಆ ಉತ್ತರ ಸಿಗಬೇಕು.

ಕಾಗದದ ಕಾಲದಲ್ಲಿ ಇದಕ್ಕೆ ಒಳ್ಳೆಯ ಉಪಾಯವಿತ್ತು, ಕೆಲವೆಡೆ ಈಗಲೂ ಇದೆ. 14 ಜೇಬಿನ ಬಟ್ಟೆಯ ಚೀಲ. 12 ಜೇಬು 12 ತಿಂಗಳಿಗೆ, 13ನೆಯದು ಊರು ಬಿಟ್ಟವರಿಗೆ ಮತ್ತು ತೀರಿಕೊಂಡವರಿಗೆ, 14ನೆಯದು ಎಲ್ಲ ಲಸಿಕೆ ಮುಗಿಸಿದವರಿಗೆ. ಕಾರ್ಡಿನ ಅಡಿಚೀಟಿಯನ್ನು ಮುಂದಿನ ಲಸಿಕೆಯ ತಿಂಗಳ ಜೇಬಿಗೆ ಹಾಕುವುದು, ತಿಂಗಳ ಕೊನೆಗೆ ಜೇಬಿನಲ್ಲಿ ಉಳಿದ ಚೀಟಿಗಳೇ ಬಾಕಿ ಪಟ್ಟಿ. ಹೊಸ ವ್ಯವಸ್ಥೆ ಈ ಚೀಲಕ್ಕಿಂತ ನಿಧಾನವಾದರೆ ಸಿಸ್ಟರ್ ಅದನ್ನು ಮೂಲೆಗಿಟ್ಟು ಚೀಲವನ್ನೇ ಹಿಡಿಯುತ್ತಾರೆ. ಅವರು ಮಾಡುವುದು ಸರಿಯೇ.

ನಡೆದದ್ದನ್ನು ಬರೆ, ಬಾಕಿಯನ್ನು ಬರೆಯಬೇಡ

ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವು ಕೆಡುವುದು ಒಂದೇ ಜಾಗದಲ್ಲಿ. ಮಗುವಿಗೊಂದು ಸಾಲು, ಲಸಿಕೆಗೊಂದು ಅಂಕಣ, ಕೊನೆಗೆ ‘ಮುಂದಿನ ತಾರೀಕು’ ಎಂಬ ಅಂಕಣ. ಎಕ್ಸೆಲ್‌ನಲ್ಲಿ ಕೂತವರು ಮೊದಲು ಮಾಡುವುದೇ ಇದು. ಮಗು ಏಳು ವಾರ ತಡವಾಗಿ ಬಂದರೆ ಆ ಮುಂದಿನ ತಾರೀಕುಗಳೆಲ್ಲ ಸುಳ್ಳು. ಸರಕಾರ ಹೊಸ ಲಸಿಕೆ ಸೇರಿಸಿದರೆ ಸಾವಿರ ಸಾಲುಗಳಲ್ಲಿ ಹೊಸ ಅಂಕಣ. ತಪ್ಪಾಗಿ ಬರೆದ ಒಂದು ತಾರೀಕನ್ನು ತಿದ್ದಿದರೆ ಅದರ ಮೇಲೆ ನಿಂತ ಉಳಿದವು ತಿದ್ದಿಕೊಳ್ಳುವುದಿಲ್ಲ.

ಆದ್ದರಿಂದ ದಾಖಲೆಯಲ್ಲಿ ಇಡುವುದು ನಡೆದ ಘಟನೆಗಳನ್ನು ಮಾತ್ರ. ಬಾಕಿ ಎನ್ನುವುದು ಲೆಕ್ಕ. ಕೇಳಿದಾಗಲೆಲ್ಲ ಹೊಸದಾಗಿ ಮಾಡಬೇಕು, ಎಲ್ಲಿಯೂ ಕೂಡಿಡಬಾರದು.

ಇದಕ್ಕೆ ಎಸ್‌ಕ್ಯೂಲೈಟ್ ಎಂಬ, ಒಂದೇ ಫೈಲಿನಲ್ಲಿ ಕೂರುವ ಸಣ್ಣ ಡೇಟಾಬೇಸ್ ಸಾಕು. ಬಯಲು ಪ್ರದೇಶದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಎನ್ನುವುದು ಮಾನದಂಡ. ವರ್ಷಕ್ಕೆ ನೂರು ಮಕ್ಕಳೆಂದೇ ಹಿಡಿದರೂ ಮಗುವಿಗೆ ಎರಡು ವರ್ಷದೊಳಗೆ 22 ಡೋಸು, ಐದಾರು ವರ್ಷಕ್ಕೆ ಇನ್ನೊಂದು. ಐದು ವರ್ಷದ ದಾಖಲೆ ಹನ್ನೆರಡು ಸಾವಿರ ಸಾಲನ್ನೂ ಮುಟ್ಟುವುದಿಲ್ಲ. ದೊಡ್ಡ ಡೇಟಾಬೇಸ್ ಸರ್ವರ್ ಬೇಕೆನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ.

ಕೋಷ್ಟಕ ನಾಲ್ಕು. ‘ಮಗು’: ಸ್ಥಳೀಯ ಸಂಖ್ಯೆ, ಹುಟ್ಟಿದ ದಿನ, ಲಿಂಗ, ಅವಳಿಯಾದರೆ ಹುಟ್ಟಿದ ಕ್ರಮ, ತಾಯಿಯ ಹೆಸರು, ಮನೆ ಹೆಸರು, ಆಶಾ ಕಾರ್ಯಕರ್ತೆಯ ವ್ಯಾಪ್ತಿ. ‘ಗುರುತು’: ತಾಯಿ-ಮಕ್ಕಳ ಆರೋಗ್ಯ ಕಾರ್ಯಕ್ರಮದ ಆರ್‌ಸಿಎಚ್ ಸಂಖ್ಯೆ, ತಾಯಿ ಕಾರ್ಡಿನ ಸಂಖ್ಯೆ, ಯು-ವಿನ್ ಸಂಖ್ಯೆ, ಜನನ ನೋಂದಣಿ ಸಂಖ್ಯೆ, ಹೀಗೆ ಒಂದು ಮಗುವಿಗೆ ಎಷ್ಟು ಬೇಕಾದರೂ ಸಾಲು. ‘ಡೋಸು’: ಯಾವ ಮಗು, ಯಾವ ಲಸಿಕೆ, ಕೊಟ್ಟ ದಿನ, ಎಲ್ಲಿ, ಬ್ಯಾಚ್ ಸಂಖ್ಯೆ, ಸಾಕ್ಷಿ ಏನು. ‘ನಿಯಮ’: ಇದರ ವಿಷಯ ಆಮೇಲೆ. ವಾರ್ಡ್ ಸಂಖ್ಯೆಯನ್ನು ಗುರುತಾಗಿ ಬಳಸಲೇಬಾರದು. 2025ರ ಸ್ಥಳೀಯಾಡಳಿತ ಚುನಾವಣೆಗೆ ಮುನ್ನ ಕೇರಳದ ವಾರ್ಡುಗಳ ಪುನರ್ವಿಂಗಡಣೆ ಆಯಿತು. ಹಳೇ ಪುಸ್ತಕದ 7ನೇ ವಾರ್ಡು ಇಂದಿನ 7ನೇ ವಾರ್ಡು ಆಗಿರಬೇಕೆಂದಿಲ್ಲ. ಮನೆ ಹೆಸರು, ಆಶಾ ವ್ಯಾಪ್ತಿ, ಹತ್ತಿರದ ಅಂಗನವಾಡಿ, ಈ ಮೂರು ಹೆಚ್ಚು ಬಾಳುತ್ತವೆ.

‘ಸಾಕ್ಷಿ’ ಅಂಕಣ ಸಣ್ಣದಾಗಿ ಕಂಡರೂ ಬಹಳ ಮುಖ್ಯ. ‘ನಾವೇ ಕೊಟ್ಟದ್ದು’, ‘ಕಾರ್ಡ್ ನೋಡಿ ಬರೆದದ್ದು’, ‘ತಾಯಿ ಹೇಳಿದ್ದು’, ‘ಬಿಸಿಜಿ ಕಲೆ ನೋಡಿದ್ದು’ (ಕ್ಷಯದ ಲಸಿಕೆ ತೋಳಿನಲ್ಲಿ ಉಳಿಸುವ ಗುರುತು), ಈ ನಾಲ್ಕರಲ್ಲಿ ಒಂದು. ಕಾರ್ಡು ಕಳೆದುಕೊಂಡವರ ವಿಷಯದಲ್ಲಿ ತಾರೀಕು ಖಾಲಿ ಇರಲಿ; ಅಂದಾಜಿಗೆ ಒಂದನೇ ತಾರೀಕು ತುಂಬಿಸಿಟ್ಟರೆ ಮುಂದೆ ಅದೇ ನಿಜವಾಗಿ ಕೂರುತ್ತದೆ.

ಊರು ಬಿಟ್ಟದ್ದು, ತೀರಿಕೊಂಡದ್ದು ಕೂಡ ಘಟನೆಗಳೇ. ಚೀಲದ 13ನೇ ಜೇಬಿನ ಕೆಲಸ. ತೀರಿಕೊಂಡ ನಮೂದನ್ನು ಮಾತ್ರ ಯಾವ ಫೋನಿನಿಂದಲಾದರೂ ಆ ಕ್ಷಣದಲ್ಲೇ ಮಾಡಲು ಬರಬೇಕು ಮತ್ತು ಆಗಲೇ ಪಟ್ಟಿಯಿಂದ ಹೆಸರು ಹೋಗಬೇಕು. ಮಗುವನ್ನು ಕಳೆದುಕೊಂಡ ಮನೆಗೆ ಬುಧವಾರದ ಚೀಟಿ ಹೋಗುವಂತೆ ಆಗಬಾರದು.

ನಿಯಮದ ಕೋಷ್ಟಕ

ಲಸಿಕಾ ವೇಳಾಪಟ್ಟಿಯನ್ನು ಪ್ರೋಗ್ರಾಮಿನ ಒಳಗೆ ಬರೆಯಬಾರದು, ಕೋಷ್ಟಕದಲ್ಲಿ ಇಡಬೇಕು. ಒಂದೊಂದು ಡೋಸಿಗೆ ಒಂದು ಸಾಲು: ಕನಿಷ್ಠ ವಯಸ್ಸು, ಹಿಂದಿನ ಡೋಸು ಯಾವುದು, ಅದರಿಂದ ಕನಿಷ್ಠ ಅಂತರ, ಗರಿಷ್ಠ ವಯಸ್ಸು, ನಿಯಮ ಜಾರಿಯಾದ ದಿನ.

ರಾಷ್ಟ್ರೀಯ ವೇಳಾಪಟ್ಟಿಯ ಪ್ರಕಾರ ಹುಟ್ಟಿದಾಗ ಬಿಸಿಜಿ, 24 ಗಂಟೆಯೊಳಗೆ ಹೆಪಟೈಟಿಸ್-ಬಿ, 15 ದಿನದೊಳಗೆ ಪೋಲಿಯೊ ಹನಿಯ ಶೂನ್ಯ ಡೋಸು. 6, 10, 14 ವಾರಗಳಲ್ಲಿ ಪೋಲಿಯೊ ಹನಿ, ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು, ಚಿಕ್ಕದಾಗಿ ಪೆಂಟಾ), ರೋಟಾ (ಭೇದಿ ತಡೆಯುವ ಲಸಿಕೆ) ಮೂರು ಮೂರು. 6 ಮತ್ತು 14ನೇ ವಾರದಲ್ಲಿ ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ) ಮತ್ತು ಚರ್ಮದೊಳಗೆ ಸಣ್ಣ ಪ್ರಮಾಣದಲ್ಲಿ ಕೊಡುವ ಪೋಲಿಯೊ ಚುಚ್ಚುಮದ್ದು, ಎಫ್‌ಐಪಿವಿ. 9 ತಿಂಗಳು ತುಂಬಿದ ಮೇಲೆ ಎಂಆರ್ (ದಡಾರ-ರುಬೆಲ್ಲಾ) ಮೊದಲನೆಯದು, ಪಿಸಿವಿ ಬೂಸ್ಟರ್, ಎಫ್‌ಐಪಿವಿ ಮೂರನೆಯದು. 16ರಿಂದ 24 ತಿಂಗಳ ನಡುವೆ ಎಂಆರ್ ಎರಡನೆಯದು, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ಪೋಲಿಯೊ ಬೂಸ್ಟರ್. 5–6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿ). ಒಟ್ಟು 25 ಸಾಲು. ವಿಟಮಿನ್ ಎ ಒಂಬತ್ತು ಡೋಸುಗಳನ್ನು ಬೇರೆಯೇ ಗುಂಪಾಗಿ ಇಡುವುದು ಅನುಕೂಲ.

ಪೆಂಟಾ, ರೋಟಾ, ಪೋಲಿಯೊ ಹನಿಗೆ ಎರಡು ಡೋಸುಗಳ ನಡುವೆ ಕನಿಷ್ಠ 4 ವಾರ. ಪಿಸಿವಿ, ಎಫ್‌ಐಪಿವಿಗಳಿಗೆ ವೇಳಾಪಟ್ಟಿಯಲ್ಲೇ ಎಂಟು ವಾರದ ಅಂತರವಿರುವಾಗ 28 ದಿನವೆಂದು ಕಣ್ಣುಮುಚ್ಚಿ ನಕಲು ಮಾಡಬಾರದು. ತಡವಾಗಿ ಬಂದ ಮಗುವಿಗೆ ಅನ್ವಯಿಸುವ ಅಂತರ ಮತ್ತು ಗರಿಷ್ಠ ವಯಸ್ಸಿನ ಅಂಕಣಗಳನ್ನು ವೈದ್ಯಾಧಿಕಾರಿ ನೋಡಿ ಸಹಿ ಮಾಡಿದ ಹಾಳೆಯಿಂದಲೇ ತುಂಬಬೇಕು. ಆ ಹಾಳೆ ಪೆಟ್ಟಿಗೆಯ ಜೊತೆಗೇ ಇರಲಿ.

ಲೆಕ್ಕ ಹೀಗೆ: ಹುಟ್ಟಿದ ದಿನಕ್ಕೆ ಕನಿಷ್ಠ ವಯಸ್ಸು ಕೂಡಿಸಿದ ತಾರೀಕು ಒಂದು, ಹಿಂದಿನ ಡೋಸು ಕೊಟ್ಟ ದಿನಕ್ಕೆ ಕನಿಷ್ಠ ಅಂತರ ಕೂಡಿಸಿದ ತಾರೀಕು ಇನ್ನೊಂದು, ಎರಡರಲ್ಲಿ ಯಾವುದು ತಡವಾಗಿ ಬರುತ್ತದೋ ಅದು. 2025ರ ಮಾರ್ಚ್ 5ರ ಬುಧವಾರ ಹುಟ್ಟಿದ ಮಗುವನ್ನು ತೆಗೆದುಕೊಳ್ಳಿ. ಪೆಂಟಾ ಮೊದಲನೆಯದು ಏಪ್ರಿಲ್ 16ಕ್ಕೆ ಆಗಬೇಕಿತ್ತು, ಮಗು ಬಂದದ್ದು ಜೂನ್ 4ಕ್ಕೆ. ಹುಟ್ಟಿದ ದಿನವನ್ನೇ ಹಿಡಿದು ಲೆಕ್ಕ ಹಾಕುವ ಪಟ್ಟಿ ಎರಡನೇ ಡೋಸು ಮೇ 14ರಿಂದಲೇ ಬಾಕಿ, ಮೂರನೆಯದು ಜೂನ್ 11ಕ್ಕೆ ಎನ್ನುತ್ತದೆ, ಅಂದರೆ ಮೊದಲನೆಯದಾದ ಒಂದೇ ವಾರಕ್ಕೆ. ಸರಿಯಾದ ಉತ್ತರ ಜುಲೈ 2 ಮತ್ತು, ಅಂದು ತಪ್ಪದೆ ಬಂದರೆ, ಜುಲೈ 30. ತಡವಾಯಿತೆಂದು ಮೊದಲಿನಿಂದ ಶುರು ಮಾಡುವುದೂ ಇಲ್ಲ, ನಿಂತಲ್ಲಿಂದ ಮುಂದುವರಿಸುವುದು.

ಜಾರಿಯಾದ ದಿನದ ಅಂಕಣ ಏಕೆ ಬೇಕೆಂದರೆ, ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ. ಪೆಂಟಾವೇಲೆಂಟ್ ದೇಶದಲ್ಲೇ ಮೊದಲು ಬಂದದ್ದು ಕೇರಳ ಮತ್ತು ತಮಿಳುನಾಡಿಗೆ, 2011ರ ಡಿಸೆಂಬರಿನಲ್ಲಿ. ಎಫ್‌ಐಪಿವಿಯ ಮೂರನೇ ಡೋಸು ಸೇರಿದ್ದು 2023ರ ಜನವರಿಯಲ್ಲಿ. 16 ವರ್ಷದ ಟಿಡಿಗೆ ಬರುವ ಹುಡುಗನ ಹಳೇ ಕಾರ್ಡಿನಲ್ಲಿ ಪಿಸಿವಿ ಇರುವುದಿಲ್ಲ. ಅವನನ್ನು ‘ಪಿಸಿವಿ ಬಾಕಿ’ ಎಂದು ತೋರಿಸುವ ಪಟ್ಟಿಯನ್ನು ಎರಡನೇ ಸಲ ಯಾರೂ ನಂಬುವುದಿಲ್ಲ. ಮೆದುಳು ಜ್ವರದ ಜೆಇ ಲಸಿಕೆ ಕೆಲವು ಜಿಲ್ಲೆಗಳಿಗೆ ಮಾತ್ರ ಸೀಮಿತ. ಹಾಗಾಗಿ ನಿಯಮಕ್ಕೆ ಜಿಲ್ಲೆಯ ಅಂಕಣವೂ ಬೇಕು: ದಕ್ಷಿಣ ಕನ್ನಡದಲ್ಲಿ ಬೆಳೆದು ಬಂದ ಮಗುವಿನ ಕಾರ್ಡಿನಲ್ಲಿ ಜೆಇ ಕಂಡರೆ ಅದನ್ನು ನಮೂದಿಸಲು ಜಾಗವಿರಬೇಕು, ಹಾಗೆಂದು ಇಲ್ಲಿಯ ಎಲ್ಲ ಮಕ್ಕಳಿಗೂ ಅದು ಬಾಕಿ ಎಂದು ಬರಬಾರದು.

ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸಿದವರಿಗೆ ಇನ್ನೊಂದು ಸಣ್ಣ ಕೋಷ್ಟಕ ಬೇಕು: ಉತ್ಪನ್ನ ಯಾವುದು, ಅದರಲ್ಲಿ ಯಾವ ಯಾವ ರೋಗದ ಲಸಿಕೆ ಇದೆ. ಹೆಕ್ಸಾವೇಲೆಂಟ್ ಎಂದರೆ ಪೆಂಟಾದ ಐದರ ಜೊತೆಗೆ ಪೋಲಿಯೊ ಚುಚ್ಚುಮದ್ದು. ಎಂಎಂಆರ್ ಹಾಕಿದ್ದರೆ ದಡಾರ, ರುಬೆಲ್ಲಾ ಎರಡೂ ಅದರೊಳಗಿವೆ. ಆದರೆ ಹೆಕ್ಸಾ ಆದ ಮಗುವಿಗೆ ಎಫ್‌ಐಪಿವಿ ಬೇಕೋ ಬೇಡವೋ, 27ನೇ ದಿನಕ್ಕೇ ಕೊಟ್ಟ ಡೋಸು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಇವನ್ನೆಲ್ಲ ಪೆಟ್ಟಿಗೆ ತೀರ್ಮಾನಿಸಬಾರದು. ‘ಸಿಸ್ಟರ್ ನೋಡಬೇಕು’ ಎಂಬ ಗುರುತಿನೊಂದಿಗೆ ಪಟ್ಟಿಯ ಕೊನೆಯಲ್ಲಿ ಬಂದರೆ ಸಾಕು.

ತಾರೀಕಿನ ಕಾಟ

ವಾರಗಳನ್ನು ದಿನವಾಗಿ ಎಣಿಸಿ: 42, 70, 98. ತಿಂಗಳುಗಳನ್ನು ದಿನವಾಗಿ ಎಣಿಸಬಾರದು. 9 ತಿಂಗಳೆಂದರೆ 270 ದಿನವಲ್ಲ. ಕ್ಯಾಲೆಂಡರಿನಲ್ಲಿ ಎಣಿಸುವಾಗಲೂ ಒಂದು ಗುಂಡಿ ಇದೆ. 2024ರ ಮೇ 31ರಂದು ಹುಟ್ಟಿದ ಮಗುವಿಗೆ 9 ತಿಂಗಳು ಯಾವಾಗ? ಫೆಬ್ರವರಿ 31 ಇಲ್ಲ. ಎಸ್‌ಕ್ಯೂಲೈಟ್ ಅದನ್ನು ಮುಂದಕ್ಕೆ ಉರುಳಿಸಿ 2025ರ ಮಾರ್ಚ್ 3 ಎನ್ನುತ್ತದೆ, ಎಕ್ಸೆಲ್‌ನ ತಿಂಗಳು ಕೂಡಿಸುವ ಸೂತ್ರ ಫೆಬ್ರವರಿ 28 ಎನ್ನುತ್ತದೆ. ಕನಿಷ್ಠ ವಯಸ್ಸಿಗೆ ಮಾರ್ಚ್ 3 ಸುರಕ್ಷಿತ, ಏಕೆಂದರೆ ಮುಂಚಿತವಾಗಿ ಕೊಟ್ಟ ಹಾಗಾಗುವುದಿಲ್ಲ. ಪೆಟ್ಟಿಗೆ ಒಂದು ಲೆಕ್ಕ, ಮುದ್ರಿಸುವ ಹಾಳೆ ಇನ್ನೊಂದು ಲೆಕ್ಕ ಆದರೆ ಮಾತ್ರ ಜಗಳ. ಲೆಕ್ಕ ಒಂದೇ ಕಡೆ ಆಗಲಿ.

ಎಸ್‌ಕ್ಯೂಲೈಟ್ ಸ್ವಭಾವತಃ ಉದಾರಿ. ತಾರೀಕಿನ ಅಂಕಣಕ್ಕೆ ‘12/3/25’ ಎಂದೋ ‘ನಾಳೆ’ ಎಂದೋ ಬರೆದರೂ ನುಂಗಿಕೊಳ್ಳುತ್ತದೆ. ವರ್ಷ-ತಿಂಗಳು-ದಿನ ರೂಪದಲ್ಲೇ ಇಡಬೇಕು, ಮತ್ತು ಬರೆದ ಪಠ್ಯವನ್ನು ತಾರೀಕಿನ ಫಂಕ್ಷನ್ನಿಗೆ ಕೊಟ್ಟರೆ ಅದೇ ಪಠ್ಯ ಮರಳಿ ಬರಬೇಕೆಂಬ ಷರತ್ತನ್ನು ಅಂಕಣಕ್ಕೇ ಹಾಕಬೇಕು. ಫೆಬ್ರವರಿ 30 ಕೊಟ್ಟರೆ ಮಾರ್ಚ್ 2 ಎಂದು ಮರಳುತ್ತದೆ, ಹೊಂದುವುದಿಲ್ಲ, ತಿರಸ್ಕಾರ. ಕೋಷ್ಟಕಗಳ ನಡುವಿನ ಕೊಂಡಿಯ ತಪಾಸಣೆಯೂ ಎಸ್‌ಕ್ಯೂಲೈಟ್‌ನಲ್ಲಿ ಮೊದಲಿಗೆ ಆಫ್ ಆಗಿರುತ್ತದೆ. ಪ್ರತಿ ಸಂಪರ್ಕದಲ್ಲೂ ಆನ್ ಮಾಡಬೇಕು. ಇಲ್ಲದಿದ್ದರೆ ತಾಯಿ ಇಲ್ಲದ ಡೋಸುಗಳು, ಅಂದರೆ ಯಾವ ಮಗುವಿಗೂ ಸೇರದ ಸಾಲುಗಳು, ಸದ್ದಿಲ್ಲದೆ ಬೆಳೆಯುತ್ತವೆ.

ಹಳೇ ಎಕ್ಸೆಲ್ ಹಾಳೆಯಿಂದ ತರುವಾಗ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗಿನಲ್ಲಿದ್ದರೆ 04/06/2025 ಏಪ್ರಿಲ್ 6 ಆಗಿಬಿಡುತ್ತದೆ. ದಿನ 12ಕ್ಕಿಂತ ಹೆಚ್ಚಿದ್ದರೆ ಮಗುಚಲು ಬಾರದೆ ಪಠ್ಯವಾಗಿ ಎಡಕ್ಕೆ ಅಂಟಿ ನಿಲ್ಲುತ್ತದೆ. ಅಂಕಣದಲ್ಲಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಕಂಡರೆ ಮಗುಚಿದೆ ಎಂದೇ ಅರ್ಥ. 12 ಅಂಕಿಯ ಆರ್‌ಸಿಎಚ್ ಸಂಖ್ಯೆಯನ್ನೂ ಎಕ್ಸೆಲ್ ಘಾತಾಂಕ ರೂಪಕ್ಕೆ ತಿರುಗಿಸಿ ತೋರಿಸುತ್ತದೆ. ಹಾಗೇ ಸಿಎಸ್‌ವಿ ಮಾಡಿದರೆ ಕೊನೆಯ ಅಂಕಿಗಳು ಹೋಗಿಯೇ ಹೋದವು. ಆ ಅಂಕಣವನ್ನು ಮೊದಲೇ ಪಠ್ಯವೆಂದು ಗುರುತಿಸಿಡಬೇಕು.

ಮಗುಚಿದ ತಾರೀಕು ಹಿಡಿಯಲು ಅತ್ಯಂತ ಅಗ್ಗದ ಉಪಾಯ ವಾರದ ದಿನ. ಜೂನ್ 4, 2025 ಬುಧವಾರ. ಮಗುಚಿದರೆ ಏಪ್ರಿಲ್ 6, ಭಾನುವಾರ. ಈ ಉಪಕೇಂದ್ರದ್ದೆಂದು ನಮೂದಾದ ಡೋಸುಗಳಲ್ಲಿ ಬುಧವಾರವಲ್ಲದ ಎಲ್ಲವನ್ನೂ ಹಳದಿ ಬಣ್ಣದಲ್ಲಿ ತೋರಿಸಿ. ತವರೂರಿನ ಕೇಂದ್ರದ್ದಾದರೆ ಗುರುವಾರವಲ್ಲದ್ದು ಹಳದಿ. ಹುಟ್ಟಿದಾಗಿನ ಡೋಸುಗಳಿಗೆ, ಖಾಸಗಿಯವರಿಗೆ, ಅಭಿಯಾನದ ದಿನಗಳಿಗೆ ಈ ತಪಾಸಣೆ ಬೇಡ.

ಹೆಸರು, ಮೂರು ಲಿಪಿಯಲ್ಲಿ

ಒಂದೇ ಮಗು ಎರಡು ಸಲ ಸೇರಿದರೆ ಒಂದು ದಾಖಲೆ ಸದಾ ‘ಬಾಕಿ’ ಎಂದು ಕೂಗುತ್ತಿರುತ್ತದೆ, ಆಶಾ ಕಾರ್ಯಕರ್ತೆ ಸುಮ್ಮನೆ ಗುಡ್ಡ ಹತ್ತಿ ಇಳಿಯುತ್ತಾರೆ. ಹೊಂದಿಸಿ ನೋಡಲು ಮಗುವಿನ ಹೆಸರು ಉಪಯೋಗಕ್ಕೆ ಬಾರದು. ಮಂಗಳೂರಿನ ಕಾರ್ಡಿನಲ್ಲಿ ಅದು ‘ಬೇಬಿ ಆಫ್’ ಇಂಥವರು, ಇಲ್ಲಿಗೆ ಬರುವಾಗ ನಾಮಕರಣ ಆಗಿದೆ. ಹುಟ್ಟಿದ ದಿನ, ಲಿಂಗ, ತಾಯಿಯ ಹೆಸರು, ಫೋನು, ಇವೇ ಆಧಾರ.

ತಾಯಿಯ ಹೆಸರು ಕನ್ನಡದಲ್ಲಿ ‘ಫಾತಿಮಾ’, ಮಲಯಾಳಂ ಕಾರ್ಡಿನಲ್ಲಿ ‘ಫಾತಿಮತ್’, ಇಂಗ್ಲಿಷಿನಲ್ಲಿ ಮೂರು ಬಗೆಯ ಸ್ಪೆಲ್ಲಿಂಗ್. ಶ್ವೇತಾ, ಸ್ವೇತ ಕೂಡ ಹಾಗೆಯೇ. ಇದಕ್ಕೆ ಹೆಸರಿನ ಎಲುಬನ್ನಷ್ಟೇ ಉಳಿಸುವ ಒಂದು ಕೀಲಿ ಮಾಡಬೇಕು: ಸ್ವರಗಳನ್ನು ಬಿಡಿ, ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ ಇಳಿಸಿ, ಶ-ಷ-ಸ ಒಂದು, ಲ-ಳ ಒಂದು, ಫ-ಪ ಒಂದು, ದ್ವಿತ್ವಗಳಿಲ್ಲ, ಮೂಲ ಹೆಸರಿನಲ್ಲಿ ಸ್ವರವಿಲ್ಲದೆ ನಿಂತ ಕೊನೆಯ ‘ತ್’ ಇಲ್ಲ. ಎಲ್ಲ ಫಾತಿಮಾಗಳೂ ಪ-ತ-ಮ ಆಗುತ್ತಾರೆ, ಶ್ವೇತಾ ಸ-ವ-ತ.

ಮಲಯಾಳಂನಿಂದ ಕನ್ನಡಕ್ಕೆ ತರುವುದು ಅಂದುಕೊಂಡದ್ದಕ್ಕಿಂತ ಸುಲಭ. ಯುನಿಕೋಡ್‌ನಲ್ಲಿ ಎರಡು ಲಿಪಿಗಳ ಅಕ್ಷರಗಳು ಒಂದೇ ಕ್ರಮದಲ್ಲಿ ಕೂತಿವೆ, ನಡುವಿನ ಅಂತರ 128. ಮಲಯಾಳಂ ‘ಕ’ 3349, ಕನ್ನಡ ‘ಕ’ 3221. 128 ಕಳೆದರೆ ಬಹುಪಾಲು ಅಕ್ಷರ ಸರಿಯಾಗಿ ಬೀಳುತ್ತದೆ. ಬೀಳದವು ಎರಡು ಬಗೆ. ಮಲಯಾಳಂನ ೞಕಾರದಿಂದ 128 ಕಳೆದರೆ ಕನ್ನಡದಲ್ಲಿ ಖಾಲಿ ಜಾಗ. ನಮ್ಮ ೞ ಬೇರೆಡೆ, 3294ರಲ್ಲಿದೆ. ಇನ್ನೊಂದು ಚಿಲ್ಲಕ್ಷರಗಳು, ಅಂದರೆ ಸ್ವರವಿಲ್ಲದ ನ್, ರ್, ಲ್, ಳ್, ಣ್. ಇವನ್ನು ಬರೆಯಲು ಎರಡು ದಾರಿಗಳಿವೆ: 2008ರ ಯುನಿಕೋಡ್ 5.1ರಲ್ಲಿ ಬಂದ ಬಿಡಿ ಅಕ್ಷರ, ಇಲ್ಲವೇ ವ್ಯಂಜನ, ವಿರಾಮ, ಕಣ್ಣಿಗೆ ಕಾಣದ ಜೋಡಕ ಸೇರಿಸುವ ಹಳೆಯ ಕ್ರಮ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದು ರೂಪಕ್ಕೆ ತರುವ ಎನ್‌ಎಫ್‌ಸಿ ಸಾಮಾನ್ಯೀಕರಣವೂ ಇವನ್ನು ಒಂದು ಮಾಡುವುದಿಲ್ಲ. ಆದ್ದರಿಂದ ಐದಾರು ಅಕ್ಷರದ ಬದಲಿ ಪಟ್ಟಿಯನ್ನು ಕೈಯಾರೆ ಬರೆದು ಮೊದಲು ಅದನ್ನು ಓಡಿಸಿ, ಆಮೇಲೆ 128 ಕಳೆಯಿರಿ. ಕನ್ನಡದ ‘ೊ’, ‘ೋ’ಗಳಿಗೆ ಮಾತ್ರ ಎನ್‌ಎಫ್‌ಸಿ ಸಾಕು. ಹಳೇ ಫೈಲು ನುಡಿ ಅಥವಾ ಬರಹದ ಆಸ್ಕಿ ಅಕ್ಷರದಲ್ಲಿದ್ದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸದೆ ಮುಂದಿನ ಹೆಜ್ಜೆ ಇಲ್ಲ.

ಹುಟ್ಟಿದ ದಿನ ಮತ್ತು ಕೀಲಿ ಎರಡೂ ಹೊಂದಿದರೆ ‘ಒಂದೇ ಮಗುವೇ?’ ಎಂದು ಕೇಳುವಲ್ಲಿಗೆ ಪೆಟ್ಟಿಗೆಯ ಕೆಲಸ ಮುಗಿಯಿತು. ತಾನಾಗಿ ಸೇರಿಸಬಾರದು. ಅವಳಿಗಳಿಗೆ ದಿನ, ತಾಯಿ, ಫೋನು, ಕೆಲವೊಮ್ಮೆ ಲಿಂಗವೂ ಒಂದೇ. ಸೇರಿಸಿಬಿಟ್ಟರೆ ಎರಡನೇ ಮಗುವಿನ ಲಸಿಕೆ ತಪ್ಪುತ್ತದೆ, ಅದು ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಒಂದೇ ಎಂದು ಖಚಿತವಾದ ಮೇಲೂ ಒಂದು ಸಾಲನ್ನು ಅಳಿಸದೆ ‘ಇದು ಅದೇ ಮಗು’ ಎಂಬ ಕೊಂಡಿ ಹಾಕಿ. ನಾಳೆ ಬಿಡಿಸಬೇಕಾದರೆ ಬಿಡಿಸಬಹುದು.

ಫೋನಿನ ಅಂಕಣಕ್ಕೆ ‘10 ಅಂಕಿ’ ಎಂಬ ಕಟ್ಟು ಹಾಕಬಾರದು. ತಂದೆಯ ವಾಟ್ಸ್‌ಆ್ಯಪ್ ನಂಬರು ದುಬೈಯದ್ದೋ ದೋಹಾದ್ದೋ ಆಗಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ದೇಶದ ಕೋಡ್ ಸಹಿತ ಇಡಿ, ಆ ನಂಬರು ಯಾರದ್ದು ಎಂದೂ ಬರೆಯಿರಿ.

ಪೆಟ್ಟಿಗೆ

ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, 2 ಜಿಬಿ. 5.1 ವೋಲ್ಟ್ 3 ಆಂಪಿಯರ್‌ನ ಅಡಾಪ್ಟರ್. ಮೊಬೈಲ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಕುಸಿದು ಸುಮ್ಮಸುಮ್ಮನೆ ರೀಸ್ಟಾರ್ಟ್ ಆಗುತ್ತದೆ. ಎಸ್‌ಡಿ ಕಾರ್ಡಿನ ಬದಲು ಯುಎಸ್‌ಬಿಗೆ ಸಿಕ್ಕಿಸುವ 128 ಜಿಬಿ ಎಸ್‌ಎಸ್‌ಡಿ, ಏಕೆಂದರೆ ಬರೆಯುತ್ತಿರುವಾಗ ಕರೆಂಟು ಹೋಗಿ ಬಂದು ಮಾಡಿದರೆ ಎಸ್‌ಡಿ ಕಾರ್ಡು ಬೇಗ ಸಾಯುತ್ತದೆ. ರೂಟರಿಗೆ ಹಾಕುವಂಥ ಸಣ್ಣ ಯುಪಿಎಸ್, ಆದರೆ ಅದರ 5 ವೋಲ್ಟ್ ಕಿಂಡಿಯಲ್ಲಿ 3 ಆಂಪಿಯರ್ ಸಿಗುತ್ತದೆಯೇ ನೋಡಿ. ಒಂದು ಡಿಎಸ್3231 ಗಡಿಯಾರದ ಮಾಡ್ಯೂಲ್.

ಕೊನೆಯದನ್ನು ಬಿಡುವವರೇ ಜಾಸ್ತಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ; ಇಂಟರ್‌ನೆಟ್‌ನಿಂದ ಸಮಯ ಪಡೆಯುತ್ತದೆ. ನೆಟ್ ಇಲ್ಲದ ಕಡೆ ರಾತ್ರಿಯಿಡೀ ಕರೆಂಟು ಹೋಗಿ ಬೆಳಿಗ್ಗೆ ಎದ್ದಾಗ ಅದಕ್ಕೆ ಇನ್ನೂ ನಿನ್ನೆಯೇ. ವಾರಗಟ್ಟಲೆ ಆಫ್ ಆಗಿದ್ದರೆ ಅಷ್ಟು ವಾರ ಹಿಂದೆ. ಬಾಕಿ ಪಟ್ಟಿ ‘ಇಂದು’ ಎನ್ನುವುದರ ಮೇಲೆ ನಿಂತಿರುವುದರಿಂದ ಪಟ್ಟಿ ಪೂರಾ ತಪ್ಪು, ನೋಡುವವರಿಗೆ ಗೊತ್ತೂ ಆಗದು. ಮಾಡ್ಯೂಲನ್ನು ಪಿನ್ 1, 3, 5, 9ಕ್ಕೆ ಜೋಡಿಸಿ: 3.3 ವೋಲ್ಟ್, ಡೇಟಾ, ಕ್ಲಾಕ್, ಗ್ರೌಂಡ್. ಝೆಡ್‌ಎಸ್-042 ಎಂದು ಬರೆದಿರುವ ನೀಲಿ ಬೋರ್ಡಿನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಸಾಧಾರಣ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬುವ ಅಪಾಯ. 3.3 ವೋಲ್ಟೇ ಇರಲಿ, ಚಾರ್ಜಿಂಗ್ ದಾರಿಯ ಡಯೋಡನ್ನು ತೆಗೆದರೆ ಇನ್ನೂ ನಿಶ್ಚಿಂತೆ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು. ಏನಿದ್ದರೂ ಪಟ್ಟಿಯ ತಲೆಯಲ್ಲಿ ಇಂದಿನ ತಾರೀಕು ಮತ್ತು ವಾರ ದೊಡ್ಡದಾಗಿ ಅಚ್ಚಾಗಲಿ.

ಪೈ ತಾನೇ ವೈಫೈ ಹಾಟ್‌ಸ್ಪಾಟ್ ಆಗುತ್ತದೆ, ಫೋನಿನ ಬ್ರೌಸರಿನಲ್ಲಿ ಪುಟ ತೆರೆದು ನಮೂದು ಮಾಡುವುದು. ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ ಎಂದು ಆಂಡ್ರಾಯ್ಡ್ ಫೋನುಗಳು ಮೊಬೈಲ್ ಡೇಟಾಕ್ಕೆ ಜಿಗಿಯುತ್ತವೆ, ಪುಟ ತೆರೆಯುವುದಿಲ್ಲ. ‘ಇದೇ ನೆಟ್‌ವರ್ಕ್‌ನಲ್ಲಿರಿ’ ಎಂಬುದನ್ನು ಒತ್ತಬೇಕು, ಅದೂ ಆಗದಿದ್ದರೆ ಡೇಟಾ ಆಫ್. ಇನ್ನೊಂದು ತೊಂದರೆ: ಸುರಕ್ಷಿತ ಸಂಪರ್ಕವಲ್ಲದ ಪುಟಕ್ಕೆ ಬ್ರೌಸರುಗಳು ಕ್ಯಾಮೆರಾ ಬಿಟ್ಟುಕೊಡುವುದಿಲ್ಲ, ಹಾಗಾಗಿ ಕ್ಯೂಆರ್ ಸ್ಕ್ಯಾನ್ ಕೆಲಸ ಮಾಡದು. ಪ್ರತಿ ಫೋನಿಗೂ ಪ್ರಮಾಣಪತ್ರ ಹಾಕಿ ಒದ್ದಾಡುವ ಬದಲು ಮೇಜಿನ ಮೇಲೆ ಒಂದು ಯುಎಸ್‌ಬಿ ಸ್ಕ್ಯಾನರ್ ಇಡುವುದು ಮೇಲು. ಅಂಗಡಿಗಳಲ್ಲಿರುವ ಕೆಂಪು ಗೆರೆಯ ಸ್ಕ್ಯಾನರ್ ಕ್ಯೂಆರ್ ಓದುವುದಿಲ್ಲ. 2ಡಿ ಎಂದು ಕೇಳಿ ಕೊಳ್ಳಬೇಕು.

ಚೀಟಿ ಮತ್ತು ಸ್ಟಿಕ್ಕರು

ಕಾರ್ಡಿಗೆ ಅಂಟಿಸುವ ಕ್ಯೂಆರ್‌ನಲ್ಲಿ ಮಗುವಿನ ಹೆಸರು, ತಾರೀಕು ಏನೂ ಬೇಡ. ಸ್ಥಳೀಯ ಸಂಖ್ಯೆ ಮಾತ್ರ. 8 ಅಂಕಿ, ಕೊನೆಗೆ ಒಂದು ತಪಾಸಣೆ ಅಂಕಿ. ಆಧಾರ್ ಸಂಖ್ಯೆಯಲ್ಲಿ ಬಳಸುವ ವೆರ್ಹೂಫ್ ವಿಧಾನವನ್ನೇ ಇಟ್ಟರೆ ಒಂದಂಕಿ ತಪ್ಪಿದರೂ, ಪಕ್ಕದ ಎರಡಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಒಂಬತ್ತಂಕಿ ಅತ್ಯಂತ ಚಿಕ್ಕ ಕ್ಯೂಆರ್‌ಗೆ, 21ಕ್ಕೆ 21 ಚೌಕದ್ದಕ್ಕೆ, ಗರಿಷ್ಠ ತಿದ್ದುಪಡಿ ಮಟ್ಟದಲ್ಲೂ ಹಿಡಿಸುತ್ತದೆ. ಎಣ್ಣೆ ಕೈ, ಮಳೆ ನೀರು ತಾಗಿದ ಕಾರ್ಡಿನಲ್ಲಿ ಓದಿಸಲು ಅದು ಬೇಕೇ ಬೇಕು. ಎ4 ಹಾಳೆಗೆ 65 ಬರುವ ಸ್ಟಿಕ್ಕರಿನಲ್ಲಿ, 38ಕ್ಕೆ 21 ಮಿಲಿಮೀಟರ್, ಲೇಸರ್ ಪ್ರಿಂಟರಿನಿಂದ ಮುದ್ರಿಸಿ; ಸಂಖ್ಯೆ ಕಣ್ಣಿಗೂ ಕಾಣುವಂತೆ ಪಕ್ಕದಲ್ಲಿರಲಿ. ಥರ್ಮಲ್ ಸ್ಟಿಕ್ಕರ್ ಬೇಡ. ಕಾರ್ಡನ್ನು ಲ್ಯಾಮಿನೇಶನ್ ಮಾಡಿಸಿದ ದಿನ ಆ ಬಿಸಿಗೆ ಸ್ಟಿಕ್ಕರು ಪೂರ್ತಿ ಕಪ್ಪಾಗುತ್ತದೆ.

ಮನೆಗೆ ಕೊಡುವ ಚೀಟಿಗೆ ಮಾತ್ರ 58 ಮಿಲಿಮೀಟರಿನ ಥರ್ಮಲ್ ಪ್ರಿಂಟರ್ ಸಾಕು, ಒಂದು ತಿಂಗಳು ಉಳಿದರೆ ಆಯಿತು. ಅದರೊಳಗೆ ಕನ್ನಡ ಅಕ್ಷರವಿಲ್ಲ. ಪಠ್ಯವನ್ನು ಚಿತ್ರವಾಗಿ ಮಾಡಿ ಕಳಿಸಬೇಕು, ಅಗಲ 384 ಚುಕ್ಕಿ. ಚಿತ್ರ ಮಾಡಲು ಪೈಥಾನಿನ ಪಿಲ್ಲೋ ಬಳಸುವಾಗ, ಅಕ್ಷರ ಜೋಡಿಸುವ ರಾಕ್ಮ್ ಎಂಬ ಸಹಾಯಕ ತಂತ್ರಾಂಶ ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದು ‘ಮಂಜೇಶ್‌ವರ’ ಆಗುತ್ತದೆ, ಮಲಯಾಳಂನ ಎಡಕ್ಕೆ ಬರೆಯುವ ಗುಣಿತ ಬಲಕ್ಕೆ ಹೋಗುತ್ತದೆ. ಫಾಂಟ್ ನೋಟೋ ಸಾನ್ಸ್ ಕನ್ನಡ, ನೋಟೋ ಸಾನ್ಸ್ ಮಲಯಾಳಂ; ಗಾತ್ರ 28 ಚುಕ್ಕಿಗಿಂತ ಕಡಿಮೆ ಬೇಡ. ಸಾಲಿನ ಅಂತರ ಒಂದೂವರೆ ಪಟ್ಟು ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ಯಾವ ಲಿಪಿಯ ಚೀಟಿ ಎಂದು ತೀರ್ಮಾನಿಸಲು ಮನೆಮಾತು ಕೇಳಿ ಪ್ರಯೋಜನವಿಲ್ಲ. ತುಳು, ಬ್ಯಾರಿ, ಹವಿಗನ್ನಡ, ಕೊಂಕಣಿ, ಮರಾಠಿ ಎಂದು ಉತ್ತರ ಬರುತ್ತದೆ. ‘ಯಾವ ಅಕ್ಷರ ಓದುತ್ತೀರಿ ಅಕ್ಕ?’ ಎಂದೇ ಕೇಳಬೇಕು. ಕನ್ನಡ ಇಲ್ಲವೇ ಮಲಯಾಳ ಎಂಬ ಉತ್ತರ ಬರುತ್ತದೆ; ಶಾಲೆ ಯಾವ ಮಾಧ್ಯಮ ಎಂಬುದರ ಮೇಲೆ ನಿಂತದ್ದು. ತಂದೆ ತಾಯಿ ಇಬ್ಬರೂ ಓದದ ಮನೆಗೆ ಫೋನು.

ಎಸ್‌ಎಂಎಸ್ ಬಗ್ಗೆ ಹೆಚ್ಚು ಆಸೆ ಬೇಡ. ಕನ್ನಡದ ಒಂದು ಸಂದೇಶಕ್ಕೆ 70 ಅಕ್ಷರವಷ್ಟೇ, ಅದೂ ಗುಣಿತ, ವಿರಾಮ ಎಲ್ಲ ಬಿಡಿಬಿಡಿಯಾಗಿ ಎಣಿಕೆ: ‘ಲಸಿಕೆ’ ಐದು, ‘ಮಂಜೇಶ್ವರ’ ಎಂಟು. ಮೇಲಾಗಿ ಕಂಪ್ಯೂಟರಿನಿಂದ ಸಗಟಾಗಿ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆ, ಕಳಿಸುವವರ ಹೆಸರು (ಹೆಡರ್), ಮಾದರಿ ಪಠ್ಯ ಎಲ್ಲವನ್ನೂ ನೋಂದಾಯಿಸಬೇಕು. ಒಂದು ಉಪಕೇಂದ್ರಕ್ಕೆ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಅಚ್ಚಾದ ಪಟ್ಟಿಯೇ ಹೆಚ್ಚು ಕೆಲಸ ಮಾಡುತ್ತದೆ.

ಹಳೇ ಕಾರ್ಡು ತುಂಬುವುದು

ಈ ವರ್ಷ ಹುಟ್ಟಿದವರಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು. ಎರಡು ವರ್ಷದ ಮಕ್ಕಳು ಮುಗಿದರೆ ಪಟ್ಟಿ ಬಳಕೆಗೆ ಸಿದ್ಧ. ಪುಸ್ತಕಕ್ಕಿಂತ ಕಾರ್ಡು ನೋಡಿ ಬರೆಯುವುದೇ ಮೇಲು. ಆದರೆ ಕಾರ್ಡಿನಲ್ಲಿ ಮುಂದಿನ ತಾರೀಕನ್ನು ಪೆನ್ಸಿಲಿನಲ್ಲಿ ಅದೇ ಚೌಕದಲ್ಲಿ ಬರೆದುಕೊಡುವ ರೂಢಿ ಇದೆ. ಫೋಟೊ ತೆಗೆದು ಆಮೇಲೆ ನಮೂದಿಸುವವರಿಗೆ ಪೆನ್ನೂ ಪೆನ್ಸಿಲೂ ಒಂದೇ ತರ ಕಾಣುತ್ತವೆ. ಬಾಕಿ ಇದ್ದ ಡೋಸು ‘ಕೊಟ್ಟಾಗಿದೆ’ ಎಂದು ಒಳಗೆ ಹೋಗುತ್ತದೆ. ಬ್ಯಾಚ್ ಸಂಖ್ಯೆಯಾಗಲಿ ಸಹಿಯಾಗಲಿ ಇಲ್ಲದ ತಾರೀಕನ್ನು ಮೂಲ ಕಾರ್ಡು ಬೆಳಕಿಗೆ ಹಿಡಿದು ನೋಡದೆ ಬರೆಯಬಾರದು.

ಕಾರ್ಡೇ ಇಲ್ಲದ ಮಕ್ಕಳು ಈ ದಾರಿಯಲ್ಲಿ ಸಿಗುವುದಿಲ್ಲ. ಮುರಕಲ್ಲಿನ ಕೋರೆ, ಅಡಿಕೆ ತೋಟ, ಮಂಜೇಶ್ವರದ ಬಂದರಿಗೆ ಹೊರಗಿನಿಂದ ಬಂದವರ ಮಕ್ಕಳು, ಬಾಣಂತನ ಮುಗಿಸಿ ಮೊನ್ನೆ ಬಂದವರು. ಆಶಾ ಕಾರ್ಯಕರ್ತೆಯರ ಗರ್ಭಿಣಿಯರ ಪಟ್ಟಿಯಲ್ಲಿ ಹೆರಿಗೆಯ ಅಂದಾಜು ದಿನ ಕಳೆದು ಆರು ವಾರವಾದರೂ ಮಗುವಿನ ಸಾಲು ಮೂಡದವರನ್ನು ಪ್ರತ್ಯೇಕ ಪುಟದಲ್ಲಿ ತೋರಿಸಬೇಕು. ಅಂಗನವಾಡಿಯ ಸಮೀಕ್ಷೆಯ ಪಟ್ಟಿಯನ್ನೂ ಆರು ತಿಂಗಳಿಗೊಮ್ಮೆ ಪಕ್ಕಕ್ಕಿಟ್ಟು ನೋಡಬೇಕು.

ಬ್ಯಾಕಪ್, ಬೀಗ, ವಾರದ ಕೆಲಸ

ಎಸ್‌ಕ್ಯೂಲೈಟ್ ಓಡುತ್ತಿರುವಾಗ ಫೈಲನ್ನು ಸುಮ್ಮನೆ ನಕಲು ಮಾಡಿದರೆ ಇತ್ತೀಚಿನ ನಮೂದುಗಳು ಪಕ್ಕದ ಫೈಲಿನಲ್ಲೇ ಉಳಿದು ಹೋಗಬಹುದು. ಅದರದ್ದೇ ಬ್ಯಾಕಪ್ ಆಜ್ಞೆ ಬಳಸಿ, ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ, ಎರಡು ಪೆನ್‌ಡ್ರೈವಿಗೆ ವಾರ ಬಿಟ್ಟು ವಾರ; ಒಂದು ಕಪಾಟಿನಲ್ಲಿ, ಇನ್ನೊಂದು ಮುಖ್ಯ ಆರೋಗ್ಯ ಕೇಂದ್ರದಲ್ಲಿ. ಮರಳಿ ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆ ಕೇಳುತ್ತದೆ. ವೈದ್ಯಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಒಂದು ಹೆಸರನ್ನೂ ಒಳಗೆ ಹಾಕಬಾರದು. ಬಾಕಿ ಪಟ್ಟಿಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಎಲ್ಲೆಡೆ ನಡೆಯುತ್ತದೆ, ಅದು ನಿಲ್ಲಬೇಕಾದ ಅಭ್ಯಾಸ. ಆಶಾ ವ್ಯಾಪ್ತಿಗೊಂದರಂತೆ ಬೇರೆ ಬೇರೆ ಹಾಳೆ ಅಚ್ಚು ಮಾಡಿದರೆ ಫೋಟೊದ ಅಗತ್ಯವೇ ಬೀಳದು.

ಸೋಮವಾರ ಪಟ್ಟಿ ಅಚ್ಚಾಗಬೇಕು. ಕೊನೆಯ ಸಾಲಿನಲ್ಲಿ ಲಸಿಕೆವಾರು ಒಟ್ಟು ಇರಲಿ: ಬಿಸಿಜಿ ಮತ್ತು ಎಂಆರ್ ಕಲಸಿ 4 ತಾಸು ಕಳೆದರೆ ಎಸೆಯಬೇಕಾದ್ದರಿಂದ ಎಷ್ಟು ವಯಲ್ (ಲಸಿಕೆ ಸೀಸೆ) ತರಬೇಕೆಂದು ಅದರಿಂದಲೇ ತಿಳಿಯುತ್ತದೆ, ಪೆಂಟಾದ ತೆರೆದ ವಯಲ್ಲು ಶೀತಲ ವ್ಯವಸ್ಥೆ ತಪ್ಪದಿದ್ದರೆ 28 ದಿನದವರೆಗೆ ನಡೆಯುತ್ತದೆ. ಬುಧವಾರ ಚುಚ್ಚಿದ ಕೂಡಲೇ ಸ್ಕ್ಯಾನ್, ಡೋಸು ಆರಿಸಿ ಒತ್ತುವುದು. ತಾರೀಕು ತಾನೇ ಬರುತ್ತದೆ, ಬ್ಯಾಚ್ ಸಂಖ್ಯೆ ಬೆಳಿಗ್ಗೆ ಒಮ್ಮೆ ಹಾಕಿದರೆ ಸಾಕು. ಗುರುವಾರ ಬಾರದೆ ಉಳಿದವರ ಪಟ್ಟಿ, ಕಾರಣದ ಒಂದು ಅಂಕಣದೊಂದಿಗೆ: ಜ್ವರ, ಊರಲ್ಲಿಲ್ಲ, ಮನೆಯವರು ಒಪ್ಪಲಿಲ್ಲ, ತವರಿನಲ್ಲಿ ಹಾಕಿಸಿದರು.

ತಿಂಗಳಿಗೊಮ್ಮೆ ಎರಡು ಲೆಕ್ಕ. ಪೆಂಟಾ ಮೊದಲನೆಯದು ಪಡೆದವರಲ್ಲಿ ಮೂರನೆಯದಕ್ಕೆ ತಲುಪದವರು ಶೇಕಡಾ ಎಷ್ಟು. ಇದನ್ನು ತೆಗೆಯುವಾಗ ಒಂದೇ ತಿಂಗಳಲ್ಲಿ ಹುಟ್ಟಿದ ಮಕ್ಕಳನ್ನೇ ಹಿಂಬಾಲಿಸಬೇಕು, ಆ ತಿಂಗಳಲ್ಲಿ ಕೊಟ್ಟ ಡೋಸುಗಳನ್ನು ಕಳೆಯುವುದಲ್ಲ. ಬಾಣಂತನ ಮುಗಿಸಿ ಬರುವ ಮಕ್ಕಳಿಂದಾಗಿ ಇಲ್ಲಿ ಮೂರನೇ ಡೋಸು ಮೊದಲನೆಯದಕ್ಕಿಂತ ಹೆಚ್ಚಾಗಿ, ಶೇಕಡಾವಾರು ಋಣಾತ್ಮಕವಾಗಿ ಬರುವುದುಂಟು. ಇನ್ನೊಂದು, ಆ ತಿಂಗಳು ಪೆಟ್ಟಿಗೆಯಲ್ಲಿರುವ ಡೋಸುಗಳ ಸಂಖ್ಯೆ ಮತ್ತು ಯು-ವಿನ್‌ಗೆ ಹೋದ ಸಂಖ್ಯೆ. ಎರಡೂ ಹೊಂದದಿದ್ದರೆ ಆ ತಿಂಗಳ ಬುಧವಾರಗಳನ್ನು ಒಂದೊಂದಾಗಿ ಹೋಲಿಸಿ, ಯಾವ ದಿನದ್ದು ತಪ್ಪಿದೆಯೋ ಆ ದಿನದ ಮಕ್ಕಳ ಕಾರ್ಡನ್ನು ಮುಂದಿನ ಸರದಿಯಲ್ಲಿ ತರಿಸಿ ನೋಡಬೇಕು.